ಒಂದು ಕೂದಲೂ ಸಿಗದ ಮನೆ

ನಮ್ಮ ಚಿಕ್ಕಮ್ಮನದು ಇಸ್ತ್ರಿ ಅಂಗಡಿ. ಕೊಳೆ ಕಂಡರೆ ಅವಳಿಗೆ ಮೈ ಉರಿಯುತ್ತದೆ. ಗಿರಾಕಿಯ ಕಾಲರ್ ನೋಡಿಯೇ ಅವನ ಯೋಗ್ಯತೆ ಅಳೆಯುವವಳು. ಅಂಥವಳು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ದೇಶದ ಗಡಿಯಾಚೆಯಿಂದ ಬಂದು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವರನ್ನು ರಿಜಿಸ್ಟರ್ ಮದುವೆಯಾದಳು. ಕೆಲಸ ಮುಗಿಸಿ ಬಂದರೆ ಅವರ ಕಿವಿಯೊಳಗೂ ಮೈದಾ. "ಬಾಗಿಲಲ್ಲೇ ಕೊಡವ್ಕೊಂಡು ಬನ್ನಿ" ಎಂದು ಗದರುತ್ತಲೇ ಮೂರು ವರ್ಷ ಸಂಸಾರ ಮಾಡಿದಳು. ಅವಳನ್ನು ಅಷ್ಟು ಸಂತೋಷವಾಗಿ ನಾನು ಹಿಂದೆಂದೂ ಕಂಡಿರಲಿಲ್ಲ.

ಚಿಕ್ಕಪ್ಪ ಇಲ್ಲೇ ಉಳಿಯಬೇಕಾದರೆ ಹೆಂಡತಿಯ ಕಡೆಯಿಂದ ವಾಸದ ಪರ್ಮಿಟ್ ಆಗಬೇಕಿತ್ತು. ವಲಸೆ ಕಚೇರಿಗೆ ಅಲೆದು ಅಲೆದು ಇಬ್ಬರೂ ಸುಸ್ತಾದರು. ಒಂದು ಕಾಗದ ಕೊಟ್ಟರೆ ಇನ್ನೊಂದೆಲ್ಲಿ ಎನ್ನುವರು. ಅದನ್ನು ತರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಕೊನೆಗೊಂದು ಪತ್ರ ಬಂತು: ಗಂಡ ಹೆಂಡತಿ ನಿಜವಾಗಿಯೂ ಒಟ್ಟಿಗೆ ಇದ್ದಾರೆಯೇ ಎಂದು ನೋಡಲು ಮಂಗಳವಾರ ಬೆಳಿಗ್ಗೆ ಅಧಿಕಾರಿಗಳು ಮನೆಗೆ ಬರುತ್ತಾರೆ.

ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮ ಹೆಂಗಸರಿಗೆ ಗೊತ್ತಿರುವುದು ಒಂದೇ ಕೆಲಸ. ಸೋಮವಾರ ನಾನೂ ರಜೆ ಹಾಕಿ ಹೋದೆ. ಹೊದಿಕೆ, ದಿಂಬಿನ ಚೀಲ, ಚಿಕ್ಕಪ್ಪನ ಅಂಗಿಗಳು, ಎಲ್ಲವನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಿಸಿಟ್ಟೆವು. ಬಾಚಣಿಗೆ ತಿಕ್ಕಿದ್ದು ನಾನು. ಅವರ ಸವೆದ ಬ್ರಷ್ಷು, ಹರಿದ ಟವೆಲ್ಲು "ಅಸಹ್ಯ" ಎಂದು ಎಸೆದದ್ದೂ ನಾನೇ.

ಬಂದವಳು ಒಬ್ಬಳೇ, ಕನ್ನಡಕದಾಕೆ. ಕಪಾಟು ತೆಗೆದಳು, ದಿಂಬು ಎತ್ತಿದಳು, ಬಾಚಣಿಗೆಯನ್ನು ಬೆಳಕಿಗೆ ಹಿಡಿದಳು. ಚಿಕ್ಕಪ್ಪ ಹೊಸ ಅಂಗಿ ತೊಟ್ಟು ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಇವರು ಇಲ್ಲಿ ಯಾವಾಗಿಂದ ಇದ್ದಾರೆ?"

"ಮೂರು ವರ್ಷ ಆಯ್ತು ಮೇಡಂ" ಎಂದಳು ಚಿಕ್ಕಮ್ಮ.

"ನೋಡಿದ್ರೆ ಈಗಷ್ಟೇ ಬಂದ ಹಾಗಿದೆ."

"ನಿನ್ನೆ ಎಲ್ಲಾ ತೊಳೆದ್ವಿ ಮೇಡಂ" ಎಂದೆ.

"ಏನನ್ನ ತೊಳೆದ್ರಿ?" ಎಂದು ಕೇಳಿ ಏನೋ ಬರೆದುಕೊಂಡಳು.

ಒಂಬತ್ತು ವಾರಕ್ಕೆ ತೀರ್ಮಾನ ಬಂತು: ಒಟ್ಟಿಗೆ ವಾಸಿಸುತ್ತಿರುವ ಗುರುತು ಕಂಡುಬಂದಿಲ್ಲ. ಮೇಲ್ಮನವಿಯೂ ಬಿದ್ದುಹೋಯಿತು. ಚಿಕ್ಕಪ್ಪ ಒಂದು ಚೀಲ ಹಿಡಿದು ಹೊರಟುಹೋದರು.

ಈಗಲೂ ಮಧ್ಯಾಹ್ನ ಮೂರಕ್ಕೆ, ಅವರು ಬರುತ್ತಿದ್ದ ಹೊತ್ತಿಗೆ, ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಾಗಿಲ ಸದ್ದಿಗೆ ಕಿವಿಗೊಡುತ್ತಾಳೆ. ಒಮ್ಮೊಮ್ಮೆ "ಬಂದ್ರಾ?" ಎನ್ನುತ್ತಾಳೆ. ಬರೀ ಗಾಳಿ ಎಂದು ಗೊತ್ತಿದ್ದರೂ ನಾನೂ ತಿರುಗಿ ನೋಡುತ್ತೇನೆ. ಆ ಮನುಷ್ಯನನ್ನು ಆ ಮನೆಯಿಂದ ತಿಕ್ಕಿ ತೆಗೆದದ್ದು ನನ್ನ ಈ ಕೈ. ಅವಳು ಒಂದು ಸಲ ಬಾಯಿ ತುಂಬ ಬೈದಿದ್ದರೆ ನನ್ನ ಜೀವ ಹಗುರವಾಗುತ್ತಿತ್ತು. ಬೈಯಲಿಲ್ಲ.

ಮೊನ್ನೆ ಅವಳ ಮನೆಯಲ್ಲಿ ಚಹಾ ಕುಡಿದು ಲೋಟ ತೊಳೆಯಲು ಎದ್ದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ತೊಳೀಬೇಡ ಕಣೇ, ಹಾಗೇ ಇರ್ಲಿ. ಯಾರಾದ್ರೂ ಬಂದು ಕೇಳಿದ್ರೆ, ನೀನು ಬಂದಿದ್ದೆ ಅಂತ ತೋರಿಸ್ಬೇಕು."