ಕಬ್ಬು ತೂಗುವವರ ಸಿನಿಮಾ

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಕಬ್ಬಿನ ಟ್ರ್ಯಾಲಿ ನಮ್ಮತ್ತ ವಾಲತೊಡಗಿತು. ಉಗಾರದ ದಾರಿಯ ಚಹಾದಂಗಡಿಯ ಮುಂದೆ ನನ್ನ ಪಕ್ಕದಲ್ಲಿ ನಿಂತು ಸಿನಿಮಾ ಬೈಯುತ್ತಿದ್ದವರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಕಾ.

ಹೀರೊ ಜೀಪು ಹಾರಿಸಲಿ, ಕಾರ್ಟೂನಿನ ಆನೆ ಕುಣಿಯಲಿ, ತೂಕ ನೋಡುವಂತೆ ಅಂಗೈಯನ್ನು ಮೇಲೆ ಕೆಳಗೆ ಆಡಿಸಿ ‘ವಜನ ಇಲ್ರಿ’ ಎನ್ನುತ್ತಿದ್ದರು. ಅಂದಿನ ಸಿಟ್ಟು ಸ್ಲೋಮೋಷನ್ ಮೇಲೆ.

‘ಬೀಳೂದಂದ್ರ ಧಪ್ ಅಂತ ಬೀಳಬೇಕ್ರಿ ಸರ. ಇವರು ಹತ್ತಿ ಅರಳಿ ಹಾರಿದಂಗ ಬೀಳ್ತಾರ!’

ಅಷ್ಟರಲ್ಲಿ ನನ್ನ ಕಾಲರ್ ಹಿಡಿದು ಎಳೆದರು. ನಾನು ನಿಂತಿದ್ದ ಜಾಗದ ಮೇಲೆ ಟ್ರ್ಯಾಲಿ ಮಗುಚಿತು.

ಅಂಗಡಿಯ ಅಕ್ಕ ಕೊಟ್ಟ ನೀರನ್ನು ಅವರು ಒಂದೇ ಗುಟುಕಿಗೆ ಕುಡಿದರು. ‘ಒಂದೊಂದ ಕಬ್ಬ ಎಣಸಬಹುದಿತ್ರಿ ಸರ, ಅಷ್ಟ ಸಾವಕಾಶ ಬಿತ್ತು,’ ಎಂದರು.

‘ಹಂಗಾರ ಸಿನಿಮಾದವ್ರು ಖರೇನ ತೋರಿಸ್ಯಾರಲ್ರಿ ಕಾಕಾ!’ ಎಂದಳು ಅಕ್ಕ. ಅವರು ಲೋಟ ಇಟ್ಟು ಕಾರ್ಖಾನೆಯತ್ತ ನಡೆದರು.

ಆಮೇಲೆ ಎಷ್ಟೋ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ನನಗೆ ಆ ಟ್ರ್ಯಾಲಿ ನಿಧಾನವಾಗಿ ಬೀಳುತ್ತಿತ್ತು. ಅವರು ಸಿನಿಮಾದ ಮಾತನ್ನೇ ಬಿಟ್ಟಿದ್ದು ನನ್ನನ್ನು ಇನ್ನಷ್ಟು ಹೆದರಿಸಿತು.

ಯುಗಾದಿಯ ಮರುದಿನ ಅವರ ಫೋನ್ ಬಂತು. ಹೊಸ ಸಿನಿಮಾದಲ್ಲಿ ಹೀರೊ ಕೆಸರಲ್ಲಿ ಹೊರಳಿ ಎದ್ದರೂ ಅಂಗಿಯ ಇಸ್ತ್ರಿ ಕೆಟ್ಟಿಲ್ಲವಂತೆ. ಅರ್ಧ ಗಂಟೆ ಬೈದರು. ಅಂದು ರಾತ್ರಿ ನಾನು ಬೆಳಗಿನವರೆಗೂ ಎಚ್ಚರಗೊಳ್ಳದೆ ನಿದ್ದೆ ಮಾಡಿದೆ.