ಹತ್ತು ಟಂಚಿನ ಸೀರಮ್

ಗಡಹಿಂಗ್ಲಜದ ಶಾಲೆಯಲ್ಲಿ ನನ್ನ ಜೊತೆ ಕಲಿತ ಹುಡುಗಿಯರು, ಹುಡುಗಿಯರೇನು, ಈಗ ಎಲ್ಲರೂ ನಲವತ್ತು ದಾಟಿದವರೇ, ಪ್ರತಿ ಭಾನುವಾರ ಸಂಜೆ ವಿಡಿಯೋ ಕಾಲ್ ಹಚ್ಚುತ್ತಿದ್ದರು. ಫೋನಿನ ತುಂಬ ಸಣ್ಣ ಸಣ್ಣ ಚೌಕ, ಚೌಕಕ್ಕೊಂದು ನಗುವ ಮುಖ. ನನ್ನ ಚೌಕ ಮಾತ್ರ ಕಪ್ಪು. ಎರಡೂ ಕೆನ್ನೆಯ ಮೇಲೆ ಬಂಗು ಬಂದು ನಾಲ್ಕು ವರ್ಷವಾಗಿತ್ತು. ಚಹಾ ಚೆಲ್ಲಿ ಒಣಗಿದಂಥ ಕಲೆ. ಹುಪರಿಯ ನಮ್ಮ ಮನೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆಗೆ ಬೆಸುಗೆ ಹಾಕುವುದು ನನ್ನ ಪಾಲಿನ ಕೆಲಸ. ದಿನವೆಲ್ಲ ಮುಖದ ಮುಂದೆ ಉರಿ. ಕ್ಯಾಮೆರಾದ ಮೇಲೆ ಹೆಬ್ಬೆರಳಿಟ್ಟು, "ನೆಟ್‌ವರ್ಕ್ ಇಲ್ಲ ಇಲ್ಲಿ" ಎಂದು ಸುಳ್ಳು ಹೇಳುತ್ತಿದ್ದೆ.

"ಎಂಥಾ ಊರ ನಿಮ್ದು! ಮನಿ ಮನಿಗಿ ಚಾಂದಿ ಐತಿ, ನೆಟ್‌ವರ್ಕ್ ಮಾತ್ರ ಇಲ್ಲ!" ಎಂದು ಛೇಡಿಸುತ್ತಿದ್ದವಳು ನನ್ನ ಬೆಂಚಿನ ಗೆಳತಿ. ಐದರಿಂದ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚು, ಒಂದೇ ಬುತ್ತಿ. ಮೂರು ತಿಂಗಳ ನಂತರ ಶಾಲೆಯ ಅಂಗಳದಲ್ಲಿ ಎಲ್ಲರೂ ಕೂಡೋಣ ಎಂದು ಗೊತ್ತಾದ ದಿನ ಆಕೆ ಹೇಳಿಯೇಬಿಟ್ಟಳು: "ಈ ಸಲ ನೀ ಬರಲಿಲ್ಲಂದ್ರ ನಾ ನಿನ್ನ ಬಾಗಲದಾಗ ಬಂದ ಕುಂಡ್ರಾಕಿ."

ಹೋಗುವ ಆಸೆ ಉಕ್ಕುತ್ತಿತ್ತು. ಆದರೆ ಮುಖ ಹೊತ್ತುಕೊಂಡೇ ಹೋಗಬೇಕಲ್ಲ!

ಕೊಲ್ಹಾಪುರದ ಕಾಲೇಜಿನಲ್ಲಿ ಓದುವ ಮಗಳಿಗೆ ಫೋನು ಮಾಡಿದೆ. "ಅವ್ವಾ, ಮಾರಿಗಿ ಹಚ್ಚೂ ನಿಯಾಸಿನಮೈಡ್ ಸೀರಮ್ ತಗೋ. ಬಂಗ ಪೂರಾ ಹೋಗತೈತಿ ಅಂತ ಹೇಳಾಂಗಿಲ್ಲ, ತಿಳಿ ಆಗಬಹುದು. ಎರಡ-ಮೂರ ತಿಂಗಳ ಹಿಡೀತೈತಿ. ಮತ್ತ ಕೇಳ ಇಲ್ಲೆ..." ಎಂದಳು. ಮುಂದಿನದನ್ನು ಕೇಳುವ ತಾಳ್ಮೆ ನನಗೆಲ್ಲಿತ್ತು? ಮರುದಿನವೇ ಇಚಲಕರಂಜಿಯ ಬಸ್ಸಿನಲ್ಲಿದ್ದೆ. ಹೆಸರು ಮರೆತುಹೋದೀತೆಂದು ದಾರಿಯುದ್ದಕ್ಕೂ "ನಿಯಾ-ಸಿನ-ಮೈಡ್, ನಿಯಾ-ಸಿನ-ಮೈಡ್" ಎಂದು ಜಪಿಸಿದೆ. ಪಕ್ಕದ ಅಜ್ಜಿ ಯಾವುದೋ ದೇವರ ಹೆಸರೆಂದು ತಿಳಿದು ಕೈ ಮುಗಿದಳು.

ಅಂಗಡಿಯ ಹುಡುಗಿ ಎರಡು ಬಾಟಲಿ ತಂದಿಟ್ಟಳು. ಒಂದರ ಮೇಲೆ ಐದು ಪರ್ಸೆಂಟ್, ಇನ್ನೊಂದರ ಮೇಲೆ ಹತ್ತು. "ಮೊದಲ್ನೇ ಸಲಕ್ಕ ಐದ ಸಾಕ್ರಿ ಕಾಕೂ" ಎಂದಳು.

ನನಗೆ ನಗು ಬಂತು. ನಮ್ಮ ಊರಿನಲ್ಲಿ ಬೆಳ್ಳಿಯ ಶುದ್ಧಿಗೆ ಟಂಚ್ ಅನ್ನುತ್ತೇವೆ. ನೂರಕ್ಕೆ ಎಷ್ಟು ಪಾಲು ಬೆಳ್ಳಿ ಅಂತ. ಟಂಚ್ ಹೆಚ್ಚಿದ್ದ ಮಾಲೇ ಮೇಲು. ಇದು ಹುಪರಿಯ ಕೂಸಿಗೂ ಗೊತ್ತು. "ಹತ್ತ ಟಂಚಿಂದು ಕಣ್ಣ ಮುಂದ ಇರಾಗ ಐದರದ್ಯಾಕ ಒಯ್ಯಲವಾ?" ಎಂದು ಹತ್ತರದನ್ನೇ ಎತ್ತಿಕೊಂಡೆ.

ಹಚ್ಚುವುದರಲ್ಲಿಯೂ ಕೈ ಬಿಗಿ ಹಿಡಿಯಲಿಲ್ಲ. ಎಣ್ಣೆ ಹಚ್ಚಿದರೆ ತಲೆ ತೊಯ್ಯಬೇಕು ಎನ್ನುತ್ತಿದ್ದ ಅಜ್ಜಿಯ ಮಡಿಲಲ್ಲಿ ಬೆಳೆದವಳು ನಾನು. ಎರಡು ಹನಿಯಿಂದ ಯಾವ ಕೆನ್ನೆ ತೊಯ್ದೀತು? ಹತ್ತು ಹನಿ ಮುಂಜಾನೆ, ಹತ್ತು ಹನಿ ಸಂಜೆ, ಗಸಗಸ ತಿಕ್ಕಿದೆ. ತಾಸಿಗೊಮ್ಮೆ ಕನ್ನಡಿ ನೋಡಿಕೊಂಡೆ. ನಾಲ್ಕನೆಯ ದಿನ ಕನ್ನಡಿಯಲ್ಲಿ ಕಂಡದ್ದು ಕೆಂಪು ಮೆಣಸಿನಕಾಯಿ. ಮುಖವೆಲ್ಲ ಉರಿ, ತುರಿಕೆ. ಬಂಗು ಇದ್ದಲ್ಲೇ ಇತ್ತು; ಅದರ ಸುತ್ತ ಕೆಂಪು ಬೇರೆ. ಆ ಭಾನುವಾರ ಕಾಲ್ ಬಂದಾಗ ಫೋನು ಮುಟ್ಟಲೂ ಇಲ್ಲ. ಇನ್ನು ಗಡಹಿಂಗ್ಲಜ ಮುಗಿಯಿತು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಅತ್ತೆಗೆ ಎಪ್ಪತ್ತು ದಾಟಿದೆ. ನನ್ನ ಕೈಗೆ ಬೆಸುಗೆಯ ಕೆಲಸ ಕಲಿಸಿದವರೇ ಅವರು. ಬಾಟಲಿ ಇಸಿದುಕೊಂಡು ಅತ್ತಿತ್ತ ತಿರುಗಿಸಿ ನೋಡಿದರು.

"ಏನಿದು?"

"ಹತ್ತ ಟಂಚಿಂದರಿ ಅತ್ತಿ. ಐದರದು ಬ್ಯಾಡಂತ ಬಿಟ್ಟಬಂದೆ."

"ಹೌದ? ಹಂಗಾರ ನೂರ ಟಂಚಿನ ಚಾಂದಿಲೇ ಕಾಲ್ಗೆಜ್ಜಿ ಮಾಡ ನೋಡೋಣು. ನಾಕ ಹೆಜ್ಜಿಗಿ ಬಾಗಿ ಕುಂಡ್ರತೈತಿ. ಯಾವ ಕೆಲಸಕ್ಕ ಎಷ್ಟ ಟಂಚ್ ಬೇಕ ಅನ್ನೂದು ಇಪ್ಪತ್ತ ವರ್ಷಾದ್ರೂ ತಿಳೀಲಿಲ್ಲೇನ ನಿನಗ?"

ಅತ್ತೆ ಬಿಡಲಿಲ್ಲ. "ಚಾಂದಿ ಗಟ್ಟಿ ಬಂದ್ರ ಟಂಚ್ ನೋಡಾಕ ಏನ ಮಾಡತೀವಿ ಹೇಳು."

"ಮೂಲ್ಯಾಗಿಂದ ಚೂರ ತಗದು ನೋಡತೀವ್ರಿ."

"ಗಟ್ಟಿಗಿ ಚೂರ ನೋಡಾಕಿ, ಮಾರಿ ಮಾತ್ರ ಇಡೀಕ ಇಡೀ ಭಟ್ಟಿಗಿ ಹಾಕಿದ್ಯಲ್ಲ ನನ ಯವ್ವಾ!"

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ಮಗಳಿಗೆ ಫೋನು ಮಾಡಿದರೆ ಆಕೆಯೂ ಅದನ್ನೇ ಅಂದಳು. "ಅದನ್ನ ಹೇಳಾಕತ್ತಿದ್ದೆ ಅವ್ವಾ, ನೀ ಫೋನ ಇಟ್ಟಬಿಟ್ಟಿ! ಮದ್ಲ ಕಿವಿ ಹಿಂದ ಹಚ್ಚಿ ನಾಕ ದಿನಾ ನೋಡಬೇಕು. ಎರಡ-ಮೂರ ಹನಿ, ದಿನಕ್ಕ ಒಮ್ಮೆ. ಹಗಲಿ ಸನ್‌ಸ್ಕ್ರೀನ್ ಬೇಕಽ ಬೇಕು, ಅದಿಲ್ಲಂದ್ರ ಎಲ್ಲಾ ನೀರಾಗ ಹೋಮ."

ಮುಖ ತಣ್ಣಗಾಗುವವರೆಗೆ ಹತ್ತು ದಿನ ಸಾದಾ ಕ್ರೀಮು ಬಿಟ್ಟರೆ ಏನೂ ಮುಟ್ಟಲಿಲ್ಲ. ಮತ್ತೆ ಇಚಲಕರಂಜಿಗೆ ಹೋಗಿ ಐದರದ್ದನ್ನು ತಂದೆ. ಅಂಗಡಿಯ ಹುಡುಗಿ ಬಾಟಲಿ ಮುಂದಿಟ್ಟು ನಕ್ಕಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಕಿವಿಯ ಹಿಂದೆ ನಾಲ್ಕು ದಿನ, ಆಮೇಲೆ ಕೆನ್ನೆ. ಅತ್ತೆ ನನ್ನನ್ನು ಉರಿಯ ಮುಂದಿನಿಂದ ಎಬ್ಬಿಸಿದರು. "ಬೆಸಗಿ ನಾ ಹಾಕತೀನಿ, ನೀ ಗೆಜ್ಜಿ ಪೋಣಸು. ಮಾರಿ ಒಂದ ಐತಿ." ಎರಡು ತಿಂಗಳ ಹೊತ್ತಿಗೆ ಚಹಾದ ಕಲೆ ತಿಳಿಯಾಗಿ ಹಾಲು ಹೆಚ್ಚಾದ ಚಹಾ ಆಗಿತ್ತು. ಹೋಗಿರಲಿಲ್ಲ, ತಿಳಿಯಾಗಿತ್ತು. ನನಗೆ ಅಷ್ಟೇ ಸಾಕಾಯಿತು. ಮುಂದಿನ ಭಾನುವಾರ ಹೆಬ್ಬೆರಳು ತೆಗೆದೇಬಿಟ್ಟೆ. "ಬಂತಽ ನೆಟ್‌ವರ್ಕ್!" ಎಂದು ಗೆಳತಿ ಕಿರುಚಿದ್ದಕ್ಕೆ ಅಡುಗೆಮನೆಯಲ್ಲಿದ್ದ ಅತ್ತೆ ಬೆಚ್ಚಿಬಿದ್ದರು.

ಗಡಹಿಂಗ್ಲಜದಲ್ಲಿ ಆ ದಿನ ಊಟವಾದ ಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆದರು, ಫೋಟೋಕ್ಕೆ. ನೆತ್ತಿಯ ಮೇಲೆ ಸುಡುವ ಬಿಸಿಲು. ನಾನು ಹಿಂದೆ ಸರಿದೆ.

"ಮತ್ತ ಅಡಗಾಕತ್ತಿ?" ಗೆಳತಿ ಕೈ ಹಿಡಿದಳು.

"ಅಡಗೂದಲ್ಲ ಬಿಡ! ಮುಂಜಾನೆ ಹಚ್ಚಿದ ಸನ್‌ಸ್ಕ್ರೀನ್ ಇಷ್ಟೊತ್ತಿಗೆ ಹೋಗಿರತೈತಿ. ಎರಡ ಮಿನಿಟ ತಡಿ."

ಚೀಲದಿಂದ ಟ್ಯೂಬು ತೆಗೆದೆ. "ಏನದು? ನನಗೂ ಹಾಕ ಒಂಚೂರು" ಎಂದು ಆಕೆ ಅಂಗೈ ಚಾಚಿದಳು. ಆಕೆಯ ಹಿಂದೆ ಇನ್ನೊಂದು ಅಂಗೈ, ಮತ್ತೊಂದು. ತೀರ್ಥಕ್ಕೆ ನಿಂತ ಹಾಗೆ ಸಾಲು! ಫೋಟೋದವನು ತಲೆಯ ಮೇಲೆ ಕೈ ಹೊತ್ತು ಕೂತ. ಟ್ಯೂಬು ಹಿಂಡಿ ಹಿಂಡಿ ಬರಿದಾಯಿತು. ಆಮೇಲೆ ಗೆಳತಿ ನನ್ನನ್ನು ಎಳೆದುಕೊಂಡು ಹೋಗಿ ಮುಂದಿನ ಸಾಲಿನ ನಡುವೆ ನಿಲ್ಲಿಸಿದಳು. ನಿಂತೆ, ಗದ್ದ ಎತ್ತಿ.

ಫೋಟೋವನ್ನು ಅತ್ತೆಗೆ ತೋರಿಸಿದೆ. ಎರಡು ಬೆರಳಿನಿಂದ ದೊಡ್ಡದು ಮಾಡಿ, ಒಬ್ಬೊಬ್ಬರನ್ನೇ ನೋಡುತ್ತ ಹೋದರು. ಎಲ್ಲರ ಮೂಗು, ಹಣೆಯ ಮೇಲೆ ಅವಸರದ ಬಿಳಿ ಪಟ್ಟೆ, ವಿಭೂತಿ ಬಳಿದುಕೊಂಡ ಹಾಗೆ. ನನ್ನ ಮುಖದ ಮೇಲೆ ಬೆರಳು ನಿಂತಿತು.

"ಇಷ್ಟ ಮಂದ್ಯಾಗ ನೀ ಒಬ್ಬಾಕೀನ ನೆಟ್ಟಗ ಹಚ್ಕೊಂಡಿ ನೋಡು" ಎಂದರು.