ಬೀಡಿಯಿಲ್ಲದೆ ಕೂತ ಅಂಬವ್ವ

ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಪೈಪೋಟಿಯ ಮೇಲೆ ಏಳುತ್ತಿದ್ದ ಕಾಲ. ಕಂಪ್ಯೂಟರ್ ಮಂದಿ ಬಂದು ಕೂರುವ ಮೊದಲೇ ಆ ಮಹಡಿಗಳನ್ನು ಹತ್ತಿದವರಲ್ಲಿ ಸುರಪುರದ ಕಡೆಯ ಅಂಬವ್ವನೂ ಒಬ್ಬಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಾಂಕ್ರೀಟ್ ಬುಟ್ಟಿ, ಸೊಂಟದಲ್ಲಿ ಬೀಡಿ ಕಟ್ಟು. ನಡುವೆ ಎಲ್ಲೂ ನಿಲ್ಲದೆ ಮೇಲೆ ಹತ್ತುತ್ತಾಳೆ ಎಂಬ ಹೆಸರೇ ಅವಳ ಆಸ್ತಿ.

ಬೀಡಿ ಅವಳಿಗೆ ಚಟವಾಗಿ ಬಂದದ್ದಲ್ಲ. ಸುಮ್ಮನೆ ಕೂತ ಹೆಂಗಸನ್ನು ಮೈಗಳ್ಳಿ ಎಂದು ಬೈಯುವ ಮೇಸ್ತ್ರಿ, ಬೀಡಿ ಹಚ್ಚಿ ಕೂತವರ ತಂಟೆಗೆ ಬರುವುದಿಲ್ಲ ಎಂಬುದನ್ನು ಹೊಸತರಲ್ಲೇ ಕಂಡುಕೊಂಡಿದ್ದಳು. ಎಂಥ ನ್ಯಾಯವೋ! ಹೊಗೆ ಬಿಡುವ ಬಾಯಿಗೆ ವಿರಾಮವುಂಟು, ನೋಯುವ ಸೊಂಟಕ್ಕಿಲ್ಲ. ಅಂಬವ್ವ ಬೀಡಿ ಕಲಿತಳು.

ಒಂದು ದಿನ ನಾಲ್ಕನೇ ಮಹಡಿಯಲ್ಲಿ ಕೆಮ್ಮು ಹಿಡಿದು ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಶರಣಬಸಮ್ಮ, ಮಗಳ ವಯಸ್ಸಿನವಳು, "ಬುಟ್ಟಿ ಇಲ್ಲೇ ಇಡು ಯವ್ವಾ, ತಿರುಗಿ ಬಂದು ನಾ ಒಯ್ತೀನಿ" ಎಂದಳು. ಪ್ರೀತಿಯ ಮಾತೇ. ಅಂಬವ್ವನಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಅಂದೇ ಬೀಡಿ ಕಟ್ಟನ್ನು ನೀರಿನ ಗುಂಡಿಗೆಸೆದಳು.

ಬೆಳಿಗ್ಗೆ ಸೇದದೆ ಇರಬಲ್ಲಳು, ಸಂಜೆ ಗುಡಿಸಲಲ್ಲೂ ಇರಬಲ್ಲಳು. ಮಧ್ಯಾಹ್ನ, ಎಲ್ಲರೂ ಬೀಡಿ ಹೊತ್ತು ಎನ್ನುತ್ತಿದ್ದ ವೇಳೆಗೆ, ಗಂಡಸರು ಗೋಡೆಯ ನೆರಳಲ್ಲಿ ಹೊಗೆ ಬಿಡುತ್ತಾ ಕೂತಾಗ ಮಾತ್ರ ಕಾಲುಗಳು ತಾವಾಗಿಯೇ ಅತ್ತ ಎಳೆಯುತ್ತಿದ್ದವು. ಎರಡು ಸಲ ಬಿಟ್ಟಳು, ಎರಡು ಸಲವೂ ಅಲ್ಲೇ ಹಚ್ಚಿದಳು. ಎರಡನೇ ಸಲ, ನಾಯಿ ಬಾಲ ಡೊಂಕೇ ಎಂದು ತನ್ನನ್ನೇ ಬೈದುಕೊಳ್ಳುತ್ತಾ ನೋಡಿದರೆ, ಸೇದದೆಯೇ ಬೀಡಿ ಕೈಯಲ್ಲೇ ಆರಿಹೋಗಿತ್ತು. ಆದರೂ ಜೀವ ಹಾಯಾಗಿತ್ತು. ಬೀಡಿಗಿಂತ ಹೆಚ್ಚಾಗಿ ತನಗೆ ಬೇಕಿದ್ದದ್ದು ಆ ಕೂರುವಿಕೆ ಎಂದು ಆಗ ಅರ್ಥವಾಯಿತು.

ಮರುದಿನ ಅದೇ ನೆರಳಿಗೆ ಹೋಗಿ ಬರಿಗೈಯಲ್ಲಿ ಕೂತಳು.

"ಯಾಕಬೇ ಅಂಬವ್ವ, ಬೀಡಿ ಎಲ್ಲೈತಿ?" ಮೇಸ್ತ್ರಿ ಬೂದೆಪ್ಪ ಕೇಳಿದ.

"ಬಿಟ್ಟೀನಿ."

"ಹಂಗಾರ ಏಳು, ಬುಟ್ಟಿ ಹೊರು."

"ಬೀಡಿ ಬಿಟ್ಟೀನಪ್ಪ, ಕೂಡೂದು ಬಿಟ್ಟಿಲ್ಲ."

ಗಂಡಸರು ಗೊಳ್ಳೆಂದರು. ಬೂದೆಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಏಳದಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ!"

ಬಡಗಿ ಉಪೇಂದ್ರ ಒಳ್ಳೆಯವನು. ಒಂದು ಬೀಡಿ ಚಾಚಿದ. "ಸೇದಬ್ಯಾಡ್ರಿ ಯವ್ವ, ಬರೇ ಕೈಯಾಗ ಹಿಡಕೊಂಡು ಕೂಡ್ರಿ. ಜಗಳ ಯಾಕ?"

ಅಂಬವ್ವನ ಕೈ ಮುಂದೆ ಹೋಗಿಯೇ ಬಿಟ್ಟಿತು. ಬಾಯಲ್ಲಿ ನೀರೂರಿತು. ಹಿಡಿದರೆ ಇಂದಲ್ಲ ನಾಳೆ ಹಚ್ಚುವವಳೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಚಾಚಿದ ಕೈಯನ್ನು ತಲೆಗೆ ಒಯ್ದು ಸಿಂಬಿ ತೆಗೆದಳು. ಅದನ್ನು ಬಿಚ್ಚಿ, ಮತ್ತೆ ನಿಧಾನವಾಗಿ ಸುತ್ತತೊಡಗಿದಳು.

"ಬ್ಯಾಡಪ್ಪ. ನನ್ನ ಸೊಂಟ ಸುಳ್ಳು ಹೇಳಾಕತ್ತಿಲ್ಲ, ನಾ ಯಾಕ ಹೇಳ್ಲಿ?"

ಶರಣಬಸಮ್ಮ ಹೊತ್ತ ಬುಟ್ಟಿಯನ್ನು ಧೊಪ್ಪೆಂದು ಇಳಿಸಿದಳು. ಬೀಡಿ ಮುಟ್ಟಿದವಳಲ್ಲ, ಹಾಗಾಗಿ ಈ ಹೊತ್ತಿನಲ್ಲಿ ಎಂದೂ ಕೂತವಳೂ ಅಲ್ಲ. ಬಂದು ಅಂಬವ್ವನ ಪಕ್ಕ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಒಬ್ಬಳನ್ನು ಕೆಲಸದಿಂದ ತೆಗೆಯಬಹುದು, ಎಲ್ಲರನ್ನೂ ತೆಗೆದರೆ ಬುಟ್ಟಿ ಹೊರುವವರು ಯಾರು, ಬೂದೆಪ್ಪನ ಅಪ್ಪನೇ? "ಲಗೂನ ಏಳ್ರಿ" ಎಂದಷ್ಟೇ ಗೊಣಗಿ, ಅವನು ತನ್ನ ಬೀಡಿ ಹಚ್ಚಿಕೊಂಡು ಅತ್ತ ನಡೆದ.

ಶರಣಬಸಮ್ಮ ಕೂತಲ್ಲೇ ತೂಕಡಿಸಿ ಅಂಬವ್ವನ ಹೆಗಲಿಗೆ ಒರಗಿದಳು. ಅಂಬವ್ವ ಹೆಗಲು ಅಲುಗಿಸದೆ ಸಿಂಬಿ ಸುತ್ತಿ ಮುಗಿಸಿದಳು.

ಎದ್ದು ಬುಟ್ಟಿ ಹೊತ್ತು ಎಲ್ಲರಿಗಿಂತ ಮುಂದೆ ಹತ್ತಿದವಳೂ ಅವಳೇ. ನಾಲ್ಕನೇ ಮಹಡಿಯಲ್ಲಿ ಕೆಮ್ಮು ಬಂದೇ ಬಂತು. ನಿಂತಳು, ಬುಟ್ಟಿ ಇಳಿಸಲಿಲ್ಲ. ಹಿಂದಿದ್ದ ಶರಣಬಸಮ್ಮ ಈ ಸಲ ಬುಟ್ಟಿ ಕೇಳದೆ ಕಾದಳು.

ಕಟ್ಟಡ ಮುಗಿಯುವ ಹೊತ್ತಿಗೆ ಆ ಕೆಮ್ಮೂ ಹೋಗಿತ್ತು. ಬೀಡಿ ಹೊತ್ತು ಎಂಬ ಹೆಸರೂ ಹೋಗಿತ್ತು. ನೆರಳು ಗೋಡೆಯ ಬುಡಕ್ಕೆ ಬಂದರೆ ಬೂದೆಪ್ಪನೇ ಕೂಗುತ್ತಿದ್ದ: "ಅಂಬವ್ವನ ಹೊತ್ತಾತು, ಕೂಡ್ರಿ!"